ಎಣ್ಣೆ ಬೀಳದ ಅಂಗಳ

ಜೇವರ್ಗಿ ಕಾಲೋನಿ, ಕಲಬುರಗಿ
ಬುಧವಾರ, 12 ನವೆಂಬರ್ 2025

ಅಂಬುವಿನ ಪಪ್ಪಾ ಅವರಿಗೆ,

ನಾವು ಆರಾಮಿದ್ದೇವೆ. ನೀವೂ ಅತ್ತೆಯವರೂ ಆರಾಮಿದ್ದೀರಿ ಎಂದುಕೊಂಡಿದ್ದೇನೆ. ಇವಳೇನು ಫೋನು ಬಿಟ್ಟು ಕಾಗದ ಬರೆದಿದ್ದಾಳೆ ಎಂದು ನಗಬೇಡಿ. ಫೋನಿನಲ್ಲಿ ನಾನು ಒಂದು ಅಂದರೆ ನೀವು ಎರಡು ಅನ್ನುತ್ತೀರಿ, ಆಮೇಲೆ ಮೊದಲು ಯಾರು ಕಟ್ ಮಾಡಿದರು ಎಂಬುದೇ ಇನ್ನೊಂದು ಜಗಳ. ಕಾಗದಕ್ಕಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ನಿಮ್ಮ ಓಣಿಯ ಸಾಬಮ್ಮ ಸಕ್ಕರೆ ತಪಾಸಣೆಗೆಂದು ನಾಳೆ ನಾನು ಕೆಲಸ ಮಾಡುವ ದವಾಖಾನೆಗೆ ಬರುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ಭಾನುವಾರದೊಳಗೆ ನೀವಿದನ್ನು ಓದಲೇಬೇಕು.

ವಿಷಯ ನಿಮ್ಮ ಜೀಪಿನದು.

ನಾವು ಬೇರೆಯಾದ ಮೇಲೆ ಪ್ರತಿ ಭಾನುವಾರ ಅಂಬುವನ್ನು ಕಮಲಾಪುರದ ನಿಮ್ಮ ಮನೆಗೆ ಕರೆದೊಯ್ಯಲು ನೀವು ಬಂದಾಗ ಜೀಪು ನಮ್ಮ ಗೇಟಿನ ಮುಂದೆ ನಿಲ್ಲುತ್ತಿತ್ತು. ಹೋದ ಮೇಲೆ ನೋಡಿದರೆ ನನ್ನ ರಂಗೋಲಿಯ ಮೇಲೆ ಅಂಗೈಯಗಲ ಕಪ್ಪು ಎಣ್ಣೆ. ಸ್ಟೇರಿಂಗ್ ಬಾಕ್ಸಿನ ಸೀಲು ಹೋಗಿದೆ, ಇವತ್ತು ನಾಳೆ ಮಾಡಿಸುತ್ತೇನೆ ಎಂದು ಬೇಸಿಗೆಯಿಂದ ಹೇಳುತ್ತಿದ್ದಿರಿ. ನಿಮ್ಮ ಇವತ್ತು ನಾಳೆ ನನಗೆ ಹೊಸದೇನಲ್ಲ. ದಸರೆ ಮುಗಿದ ಭಾನುವಾರ ನನಗೆ ತಡೆಯಲಾಗಲಿಲ್ಲ. "ಈ ಡಬ್ಬಾ ಗಾಡ್ಯಾಗ ನನ್ನ ಮಗಳಿಗಿ ಒಯ್ಯೂದಾದ್ರ ನಾ ಕಳಸಂಗಿಲ್ಲ, ಕೋರ್ಟಿಗಿ ಹೋಗ್ತೀನಿ" ಎಂದು ಓಣಿಯವರೆಲ್ಲ ಕೇಳುವಂತೆ ಕೂಗಿದೆ. ನೀವು ಗಾಡಿ ಚಾಲೂ ಮಾಡಿದಿರಿ.

ಅವತ್ತಿನಿಂದ ಜೀಪು ಅಲ್ಲೇ ನಿಂತರೂ ಅಂಗಳದಲ್ಲಿ ಒಂದು ಹನಿ ಎಣ್ಣೆ ಬಿದ್ದಿಲ್ಲ.

ಮೊದಲ ವಾರ ಖುಷಿಪಟ್ಟೆ. ಕೊನೆಗೂ ನನ್ನ ಮಾತಿಗೆ ಕಿಮ್ಮತ್ತು ಬಂತು ಅಂದುಕೊಂಡೆ. ದೀಪಾವಳಿಯ ಹೊತ್ತಿಗೆ ನಿಮ್ಮದೇ ಮಾತು ನೆನಪಾಯಿತು. ಮದುವೆಯಾದ ಹೊಸದರಲ್ಲಿ, ಮಾವನವರ ಕಾಲದ ಈ ಜೀಪಿನ ಕೆಳಗಿನಿಂದ ಮುಖವೆಲ್ಲ ಮಸಿ ಮಾಡಿಕೊಂಡು ಎದ್ದು ಹೇಳಿದ್ದಿರಿ: "ಹಳೀ ಜೀಪ ಸೋರ್ತದ ಅಂದ್ರ ಒಳಗ ಎಣ್ಣಿ ಅದ ಅಂತ ತಿಳಿ. ಸೋರೂದು ನಿಂತ್ರ ಅಂಜು." ಆಗ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ. ಸೀಲು ಹಾಕಿಸಿದ್ದರೆ ನೀವು ಸುಮ್ಮನಿರುವವರಲ್ಲ, ಹೊಸ ಟೈರು ಹಾಕಿಸಿದಾಗ ಊರಿಗೆಲ್ಲ ತೋರಿಸಿಕೊಂಡು ಬಂದವರು. ಹಾಗಾದರೆ ಒಳಗಿನ ಎಣ್ಣೆ ಮುಗಿದೇ ಸೋರುವುದು ನಿಂತಿದೆಯೇ?

ಹೋದ ಭಾನುವಾರ ಬಟ್ಟೆ ಒಣಹಾಕುವ ನೆಪದಲ್ಲಿ ಮಾಳಿಗೆಯ ಮೇಲೆ ನಿಂತಿದ್ದೆ. ಹೌದು, ನಿಮ್ಮನ್ನು ನೋಡಲೆಂದೇ ನಿಂತಿದ್ದೆ. ಓಣಿಯ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಲು ನೀವು ಸೀಟಿನಿಂದ ಅರ್ಧ ಎದ್ದು ಜಗ್ಗಿದಿರಿ. ಪಕ್ಕದಲ್ಲಿ ಅಂಬು ಕಂಬಿ ಹಿಡಿದು ಕುಳಿತಿದ್ದಳು. ಸಂಜೆ ನೀವು ಅವಳನ್ನು ತಂದು ಬಿಡುವ ತನಕ ಗೇಟಿಗೂ ಮನೆಗೂ ಓಡಾಡಿದೆ. ಕಮಲಾಪುರದ ದಾರಿಯಲ್ಲಿ ಎದುರಿಗೆ ಲಾರಿ ಬಂದಾಗ ಸ್ಟೇರಿಂಗ್ ತಿರುಗದೆ ಹಿಡಿದುಕೊಂಡರೆ ಏನು ಗತಿ ಎಂಬುದೊಂದೇ ತಲೆಯಲ್ಲಿ. ಪಪ್ಪಾ ಗಾಡಿ ರಿಪೇರಿ ಮಾಡಿಸಿದರೇನು ಎಂದು ಅಂಬುವನ್ನು ಕೇಳಿದೆ. ತುಟಿ ಪಿಟಕ್ಕೆನ್ನಲಿಲ್ಲ. ಆ ಮೊಂಡುತನ ಯಾರ ಕಡೆಯಿಂದ ಬಂತು ಎಂದು ನಾನು ಹೇಳಬೇಕಿಲ್ಲ.

ನಿನ್ನೆ ಕೆಲಸ ಮುಗಿಸಿ ಕೋಟನೂರಿಗೆ, ತನ್ವೀರನ ಗ್ಯಾರೇಜಿಗೆ ಹೋದೆ. ಅವನು ಮೊದಲು ನಾನು ನಿಮ್ಮ ಜೀಪು ಮಾರಲು ಬಂದಿದ್ದೇನೆ ಎಂದುಕೊಂಡು ಕುರ್ಚಿ ಒರೆಸಿಕೊಟ್ಟ. ಹೇಳಿದ್ದನ್ನೆಲ್ಲ ಕೇಳಿ, "ಗಾಡಿ ನೋಡಲಾರದೆ ಹ್ಯಾಂಗ ಹೇಳ್ಲಿ ಅಕ್ಕಾ? ಸೀಲ್ ಬದಲಿ ಮಾಡ್ಯಾರೋ, ಗ್ರೀಸ್ ತುಂಬ್ಯಾರೋ, ಎಣ್ಣಿ ಇಲ್ಲದ ಸುಖಾನೇ ಓಡಸ್ತಾರೋ, ಯಾರಿಗಿ ಗೊತ್ತು" ಎಂದ. ಹೋದದ್ದು ಧೈರ್ಯಕ್ಕೆ, ತಂದದ್ದು ಇನ್ನಷ್ಟು ಅಂಜಿಕೆ. ಸೀಲೆಂದರೆ ಬಳೆಯಂಥ ಒಂದು ರಬ್ಬರು, ಅಷ್ಟೇ. ಕಬ್ಬಿಣದ ದಂಡದ ಹಲ್ಲಿಗೆ ತಾಗಿ ಅದು ಹರಿಯಬಾರದೆಂದು ಹಾಲಿನ ಪಾಕೀಟು ಸುತ್ತಿ ಏರಿಸುತ್ತಾನಂತೆ. ಅರ್ಧ ದಿನದ ಕೆಲಸ. ಭಾನುವಾರ ಗ್ಯಾರೇಜು ತೆಗೆದಿರುತ್ತೇನೆ ಎಂದಿದ್ದಾನೆ.

ಆದ್ದರಿಂದ ಒಂದೇ ಮಾತು. ಭಾನುವಾರ ಜೀಪನ್ನು ಮೊದಲು ತನ್ವೀರನಿಗೆ ತೋರಿಸಿ, ಇಲ್ಲವೇ ಬಸ್ಸಿಗೆ ಬನ್ನಿ. ಹಾಗೆಯೇ ಜೀಪು ತಂದು ನಿಲ್ಲಿಸಿದರೆ ಅಂಬು ಹೊರಗೆ ಬರುವುದಿಲ್ಲ. ನಮ್ಮ ಯಶವಂತಣ್ಣನಂತೂ ಇದೇ ನೆಪ ಸಾಕು, ಕೋರ್ಟಿಗೆ ಅರ್ಜಿ ಹಾಕು, ಭಾನುವಾರದ ಕಿರಿಕಿರಿಯೇ ತಪ್ಪುತ್ತದೆ ಎಂದು ಬೆನ್ನು ಹತ್ತಿದ್ದಾನೆ. ನಾನು ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ನನಗೆ ಅಂಜಿಕೆಯಾಗಿದೆ. ಮಗಳ ಸಲುವಾಗಿ ಎಂದಷ್ಟೇ ಬರೆದು ಮುಗಿಸಬಹುದಿತ್ತು, ಆದರೆ ಆ ಸ್ಟೇರಿಂಗ್ ಹಿಡಿಯುವವರು ನೀವು.

ಉತ್ತರದ ದಾರಿ ನೋಡುತ್ತಿರುವ,
ಶೇವಂತಾ

ತಾ.ಕ.: ಕಾಗದ ಮಡಿಸುತ್ತಿರುವಾಗ ಅಂಬು ಬಂದು ಯಾರಿಗೆಂದು ಕೇಳಿದಳು. ಜೀಪು ನೆಟ್ಟಗಾಗುವ ತನಕ ನೀನು ಪಪ್ಪಾನ ಜೊತೆ ಹೋಗುವ ಹಾಗಿಲ್ಲ ಎಂದೆ. ಗಳಗಳನೆ ಅತ್ತು ಎಲ್ಲ ಹೇಳಿಬಿಟ್ಟಳು. ನಮ್ಮ ಓಣಿಗೆ ತಿರುಗುವ ಮೊದಲು ನೀವು ಜೀಪು ನಿಲ್ಲಿಸಿ, ಸ್ಟೇರಿಂಗ್ ಬಾಕ್ಸಿನ ಕೆಳಗೆ ತಂತಿಯಿಂದ ತಗಡಿನ ಡಬ್ಬಿ ಕಟ್ಟುತ್ತೀರಂತೆ. ಓಣಿ ದಾಟಿದ ಮೇಲೆ ಬಿಚ್ಚುತ್ತೀರಂತೆ, ಡಬ್ಬಿ ಹಿಡಿಯುವವಳು ಅವಳೇ. ಸೋರಿದಷ್ಟು ಎಣ್ಣೆಯನ್ನು ಸೀಸೆಯಿಂದ ಮತ್ತೆ ಹಾಕುತ್ತೀರಂತೆ. "ಮಮ್ಮಿಗಿ ಹೇಳಬ್ಯಾಡ, ಗೊತ್ತಾದ್ರ ನಿನಗ ಕಳಸಂಗಿಲ್ಲ" ಎಂದು ಆಣೆ ಮಾಡಿಸಿಕೊಂಡಿದ್ದೀರಂತೆ.

ಒಳಗೆ ಎಣ್ಣೆ ಇದೆಯಲ್ಲ ಎಂದು ಮೊದಲು ಜೀವ ಬಂದಂತಾಯಿತು. ಆಮೇಲೆ ಮೈಯೆಲ್ಲ ಉರಿಯಿತು. ತಿರುವಿನಲ್ಲಿ ನೀವು ಅರ್ಧ ಎದ್ದು ಜಗ್ಗಿದ್ದು ಆ ಡಬ್ಬಿ ಅಡ್ಡ ಬಂದೇ ಇರಬೇಕು, ರೀ. ನನ್ನಿಂದ ಮುಚ್ಚಿಡಲು ಹೋಗಿ ಮಗಳನ್ನು ಕೂರಿಸಿಕೊಂಡ ಗಾಡಿಯ ಸ್ಟೇರಿಂಗಿಗೆ ಡಬ್ಬಿ ಕಟ್ಟಿದಿರಿ. ಕಟ್ಟಿಸಿದ್ದು ನನ್ನ ಬಾಯಿ. ಅಣ್ಣನಿಗೆ ಈಗಷ್ಟೇ ಫೋನ್ ಮಾಡಿ ಊಹೂಂ ಎಂದು ಹೇಳಿದೆ, ಕೋರ್ಟಿನ ಮಾತು ಇನ್ನಿಲ್ಲ. ಜೀಪು ಕೋಟನೂರಿನಲ್ಲಿ ಬಿಟ್ಟು ನೀವು ಮನೆಗೆ ಬನ್ನಿ, ಕೆಲಸ ಮುಗಿಯುವ ತನಕ ಇಬ್ಬರೂ ಇಲ್ಲೇ ಇರಿ.

ಆದರೆ ಅಂಬು ಅಳು ನಿಲ್ಲಿಸುತ್ತಿಲ್ಲ. ಆಣೆ ಮುರಿದೆ, ಪಪ್ಪಾ ಇನ್ನು ನನ್ನನ್ನು ಕರೆಯಲು ಬರುವುದಿಲ್ಲ ಅನ್ನುತ್ತಾಳೆ. ನಾನು ಬರುತ್ತಾರೆ ಅಂದರೆ ನಂಬುತ್ತಿಲ್ಲ. ಈ ಕಾಗದ ಮುಟ್ಟಿದ ಕೂಡಲೇ ಫೋನ್ ಮಾಡಿ. ನಾನು ಮಾತಾಡುವುದಿಲ್ಲ, ಅವಳ ಕೈಗೇ ಕೊಡುತ್ತೇನೆ.