ಕೌದಿಗೆ ಸಿಕ್ಕಿಕೊಂಡ ಶಾಲು

ಮಕ್ಕಳ ವಾರ್ಡಿನ ದೊಡ್ಡ ಸಿಸ್ಟರ್‌ಗೆ ನಮಸ್ಕಾರ.

ನಮ್ಮ ಹೊಲಿಗೆ ಸಂಘದವರು ನಿಮ್ಮ ಮಕ್ಕಳಿಗೆಂದು ಕೊಟ್ಟ ಕೌದಿಗಳಲ್ಲಿ ಒಂದರ ಹಿಂಬದಿಗೆ ನೀಲಿ ಉಣ್ಣೆಯ ತುಂಡೊಂದು ಸಿಕ್ಕಿಕೊಂಡಿದೆ. ಅದು ಅಲಂಕಾರಕ್ಕೆ ಹಾಕಿದ್ದಲ್ಲ. ಅಮ್ಮ ಮಾತಿನ ಭರದಲ್ಲಿ ತೊಡೆ ಮೇಲಿದ್ದ ತನ್ನ ಶಾಲನ್ನೂ ಸೇರಿಸಿ ಹೊಲಿದುಬಿಟ್ಟಿದ್ದಳು. ಎದ್ದರೆ ಕೌದಿಯೂ ಜೊತೆಗೇ ಎದ್ದಿತು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. “ಇಷ್ಟು ನೇರ ಹೊಲಿಗೆ ನನ್ನ ಜನ್ಮದಲ್ಲೇ ಬಿದ್ದಿಲ್ಲ, ಬಿಚ್ಚಲ್ಲ” ಅಂತ ಶಾಲನ್ನೇ ಕತ್ತರಿಸಿದಳು.

ಕೌದಿ ವಾಪಸ್ ಬೇಡ. ಹೊದ್ದ ಮಗು ಹೊದ್ದುಕೊಂಡಿರಲಿ. ಒಗೆಯುವವರಿಗೆ ಆ ತುಂಡು ಕೀಳಬೇಡಿ ಅಂತ ಒಂದು ಮಾತು ಹೇಳಿ. ಸಡಿಲವಾದರೆ ತಿಳಿಸಿ, ಬಂದು ಹೊಲಿದುಕೊಡುತ್ತೇನೆ. ಅಮ್ಮ ಹೋದ ಮೇಲೆ ಸಂಘದಲ್ಲಿ ಅವಳ ಜಾಗದಲ್ಲಿ ಕೂರುವವಳು ನಾನೇ.

ಉಳಿದ ಶಾಲು ನನ್ನ ಹೆಗಲ ಮೇಲಿದೆ. ತೂತಿಗೆ ತೇಪೆ ಹಾಕಿಲ್ಲ.

ಇಂತಿ,
ಶಾಲಿನವಳ ಮಗಳು