ಹೆಸರು ಕೇಳಿದ ಕಬ್ಬಿಣ

ಒಗ್ಬೊಮೊಶೊ
೧೧ ಫೆಬ್ರವರಿ ೧೯೭೯

ನನ್ನ ಮುದ್ದು ಅಸಾಬಿಗೆ,

ಅಪ್ಪನ ಆಶೀರ್ವಾದ. ನಿನ್ನ ಅತ್ತೆಯ ಮಂಡಿನೋವು ಹೇಗಿದೆ? ಇಲ್ಲಿ ಧೂಳುಗಾಳಿಗೆ ನಿನ್ನಮ್ಮನ ತುಟಿ ಒಡೆದಿದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ. ನಿನ್ನ ಗಂಡ ಲಾಡೆಲೆ ಮರಳಿ ಬಂದ ದಿನ ಗೆಣಸು ಹೆಚ್ಚಲು ಹೊಸ ಚಾಕು ಬೇಕು ಎಂದು ನೀನು ಬರೆದಿದ್ದೆ. ಲಾರಿ ಓಡಿಸಿಕೊಂಡು ಉತ್ತರಕ್ಕೆ ಹೋದವನು ಮಳೆಗಾಲ ಕಳೆದರೂ ತಿರುಗಿ ಬಂದಿಲ್ಲ, ನೀನು ಮಾತ್ರ ದಿನಾ ಅವನ ತಟ್ಟೆ ತೊಳೆದಿಡುತ್ತೀಯಂತೆ. ಚಾಕು ತಡವಾಯಿತು, ಕೋಪ ಮಾಡಿಕೊಳ್ಳಬೇಡ. ತಪ್ಪೆಲ್ಲ ಕಬ್ಬಿಣದ್ದು.

ಗುಜರಿ ಸಂತೆಯಿಂದ ಲಾರಿಯ ಕಮಾನು ಪಟ್ಟಿ ತಂದೆ. ಒಳ್ಳೆಯ ಉಕ್ಕು, ಬಾಗು ತುಸುವೇ. ಚಾಕು ಮಾಡುವ ಮೊದಲು ಆ ಬಾಗು ತೆಗೆಯಲೇಬೇಕಲ್ಲ. ಕೆಂಪಗೆ ಕಾಯಿಸಿ, ಉಬ್ಬು ಮೇಲೆ ಮಾಡಿ ಅಡಿಗಲ್ಲಿನ ಮೇಲಿಟ್ಟು ಮೆಲ್ಲಗೆ ತಟ್ಟಿದೆ. ಒಂದು ಕಣ್ಣು ಮುಚ್ಚಿ ಅಂಚು ನೋಡಿದೆ, ನೂಲು ಹಿಡಿದ ಹಾಗಿತ್ತು. ಬೂದಿಯಲ್ಲಿ ಹೂತಿಟ್ಟೆ. ಬೆಳಿಗ್ಗೆ ತೆಗೆದರೆ ಬಾಗಿದೆ! ಅದೇ ಕಡೆಗೆ, ಮೊದಲಿದ್ದಷ್ಟೇ. ಮತ್ತೆ ತಟ್ಟಿದೆ, ಮತ್ತೆ ಬಾಗಿತು.

"ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ್ರಂತೆ. ವಯಸ್ಸಾಯ್ತು, ಒಪ್ಕೊಳ್ಳಿ," ಅಂದಳು ತಿದಿ ಒತ್ತುತ್ತಿದ್ದ ನಿನ್ನಮ್ಮ.

"ಸುಮ್ನಿರೇ, ನನ್ನ ಕೈ ಇನ್ನೂ ಗಟ್ಟಿ ಇದೆ."

"ಕೈ ಗಟ್ಟಿ ಇದ್ರೆ ಸಾಕಾ? ಯಾರ ಲಾರೀದು ಅಂತ ಕೇಳಿದ್ರಾ?"

ನಾನು ಕೇಳಿರಲಿಲ್ಲ. ಮನುಷ್ಯನನ್ನು ನುಂಗಿದ ಗಾಡಿಯ ಕಬ್ಬಿಣವಾದರೆ ಕಬ್ಬಿಣದ ದೇವರು ಒಗುನ್‌ಗೆ ತಾಳೆ ಎಣ್ಣೆ ಎರೆದು, ಸತ್ತ ಡ್ರೈವರನ ಹೆಸರು ಹೇಳಿಯೇ ಮೊದಲ ಪೆಟ್ಟು ಹಾಕಬೇಕು, ಇಲ್ಲವಾದರೆ ಅದು ಮಾತು ಕೇಳುವುದಿಲ್ಲ. ನಾನು ಎಣ್ಣೆ ಎರೆದು, "ಯಾರದ್ದೋ ಏನೋ, ಒಪ್ಪಿಸ್ಕೋ ತಂದೆ" ಅಂದುಬಿಟ್ಟಿದ್ದೆ. ಸಂತೆಗೆ ಓಡಿದೆ. "ಹೊಳೆಯಿಂದ ಎತ್ತಿದ ಗಾಡೀದು ಬಾಬಾ. ಒಳಗೆ ಯಾರೂ ಸಿಗಲಿಲ್ಲ" ಅಂದ ಗುಜರಿಯವನು.

ರಸ್ತೆಯಲ್ಲಿ ಸತ್ತ ನಮ್ಮೂರ ಡ್ರೈವರುಗಳ ಹೆಸರನ್ನೆಲ್ಲ ಒಂದೊಂದಾಗಿ ಹೇಳಿ ಹೊಡೆದೆ. ಯಾವುದಕ್ಕೂ ಅದು ಒಪ್ಪಲಿಲ್ಲ. ಮೊನ್ನೆ ಹಾಡುಹಗಲಲ್ಲಿ, ನಾವಿಬ್ಬರೂ ನೋಡುತ್ತಿದ್ದಂತೆಯೇ, ಅದರ ಮೇಲಿನ ಬೂದಿ ಉಸಿರಾಡಿದ ಹಾಗೆ ಏರಿ ಇಳಿಯಿತು. ನಿನ್ನಮ್ಮ ತಿದಿ ಬಿಟ್ಟು ಎದ್ದೇಬಿಟ್ಟಳು. ನನಗೂ ಭಯವಾಯಿತು ಮಗಳೇ, ಸುಳ್ಳು ಯಾಕೆ ಹೇಳಲಿ.

ಈಗ ಪಟ್ಟಿ ನೆಟ್ಟಗಿದೆ. ಚಾಕು ಮಾಡುವುದೋ ಬೇಡವೋ, ಇನ್ನು ನೀನೇ ಹೇಳಬೇಕು.

ಒಗುನ್ ನಿನ್ನ ದಾರಿ ಕಾಯಲಿ. ಹೊಟ್ಟೆ ತುಂಬ ಉಣ್ಣು.

ನಿನ್ನ ಅಪ್ಪ,
ಒಗುಂದಿರಾನ್

ಮ.ವಿ.: ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ನಿನ್ನೆ ಬೆಳಿಗ್ಗೆ ನಾನು ಸುತ್ತಿಗೆ ಎತ್ತಿದ್ದೆ, ಯಾವ ಹೆಸರೂ ಉಳಿದಿರಲಿಲ್ಲ. ಅಷ್ಟರಲ್ಲಿ ನಿನ್ನಮ್ಮ ತನ್ನ ಪಾಡಿಗೆ ಗೊಣಗಿದಳು: "ಆ ಲಾಡೆಲೆ ಒಂದು ಕಾಗದನಾದ್ರೂ ಹಾಕ್ಬಾರ್ದಾ?" ಆ ಹೆಸರಿನ ಮೇಲೆಯೇ ಪೆಟ್ಟು ಬಿತ್ತು. ರಾತ್ರಿ ಕಳೆದು ಬೆಳಗಾಯಿತು, ಪಟ್ಟಿ ಬಾಗಿಲ್ಲ. ಅದರ ಪಕ್ಕ ಕೂತ ನಿನ್ನಮ್ಮ ಇನ್ನೂ ತುಟಿ ಬಿಚ್ಚಿಲ್ಲ. ಬಂದುಬಿಡು ಮಗಳೇ. ಅಳುವುದಾದರೆ ನಮ್ಮ ಹತ್ತಿರ ಅಳು.