ಸೊನ್ನೆಗೆ ತಿರುಗಿದ ಮುಳ್ಳು

ಮಾರ್ಚ್ 3, ಬೆಳಿಗ್ಗೆ 9

ಹಿಗ್ಗು ಅಳೆಯುವ ಗೇಜಿನ ಮುಳ್ಳು ಇವತ್ತೂ ಸೊನ್ನೆ. ಬಾಯ್ಲರ್‌ನ ಹಳೆಯ ಹಬೆ ಪೈಪಿನಿಂದ ಕತ್ತರಿಸಿದ ಉಕ್ಕಿನ ಕಡ್ಡಿ, ಕುಲುಮೆಯಲ್ಲಿ ಆರುನೂರು ಡಿಗ್ರಿ, ತುದಿಗೆ ತೂಕ. ಹನ್ನೆರಡು ದಿನವಾಯಿತು. ಕೂದಲೆಳೆಯಷ್ಟಾದರೂ ಹಿಗ್ಗಬೇಡವೇ? ಸಾಹೇಬರು ದಿನಕ್ಕೆ ಮೂರು ಸಲ ಫೋನ್ ಮಾಡಿ ಪ್ರಾಣ ತಿನ್ನುತ್ತಾರೆ — ಸರ್ಟಿಫಿಕೇಟ್, ಸರ್ಟಿಫಿಕೇಟ್. ಲ್ಯಾಬಿನ ಸಹಾಯಕರು ನನ್ನ ಪೆನ್ನುಗಳನ್ನು ಮತ್ತೆ ಉದ್ದದ ಪ್ರಕಾರ ಜೋಡಿಸಿದ್ದಾರೆ. ಸುಮ್ಮನೆ ಅವರಿಗೆ ನೀಟಪ್ಪ ಅಂತ ಹೆಸರಿಟ್ಟಿಲ್ಲ ನಾನು. ಅವರು ರಿಟೈರ್ ಆಗಲು ಇನ್ನೂ ಎರಡು ವರ್ಷ. ಅಲ್ಲಿಯವರೆಗೆ ನನಗೆ ತಾಳ್ಮೆ ಉಳಿಯಬೇಕಲ್ಲ.

ಮಾರ್ಚ್ 5

ಮುಳ್ಳು ಕದಲಲಿಲ್ಲ, ಸಾಹೇಬರೂ ಬಿಡಲಿಲ್ಲ; ಪರೀಕ್ಷೆ ಮುಗಿಯುವ ಮೊದಲೇ ಸಹಿ ಹಾಕಿದೆ. ಪೈಪ್ ಇನ್ನೂ ಐದು ವರ್ಷ ಬಾಳುತ್ತದೆ ಅಂತ. ನನ್ನ ತಮ್ಮ ಕೆಲಸ ಮಾಡುವುದು ಅದೇ ಪೈಪಿನ ಕೆಳಗೆ, ಶಿಫ್ಟ್ ಇನ್‌ಚಾರ್ಜ್. ಅಕ್ಕನ ಸಹಿ ಇದೆಯಲ್ಲ, ಇನ್ನು ಕಣ್ಣುಮುಚ್ಚಿ ನಿಲ್ಲಬಹುದು ಎಂದು ರೇಗಿಸಿದ.

ಮಾರ್ಚ್ 9, ಬೆಳಿಗ್ಗೆ 8

ಬಸ್ ಬೇಗ ಸಿಕ್ಕಿತು, ಬೇಗ ಬಂದೆ. ನೀಟಪ್ಪನವರು ಗೇಜ್ ಒರೆಸಿ, ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತಿದ್ದಾರೆ. ಸೊನ್ನೆಗೆ.

"ದಿನಾ ಜಾರಿರುತ್ತೆ ಮೇಡಂ. ನೀವು ಬರೋಷ್ಟರಲ್ಲಿ ನಾನೇ ಸರಿ ಮಾಡಿಡ್ತೀನಿ."

ಮೊದಲ ದಿನದಿಂದಲೂ ಅಂತೆ. ಪುಣ್ಯಾತ್ಮ. ಅಂದರೆ ಕಡ್ಡಿ ದಿನಾ ಹಿಗ್ಗುತ್ತಲೇ ಇತ್ತು. ದಿನಕ್ಕೊಮ್ಮೆ, ಒಂಬತ್ತಕ್ಕೇ ನೋಡುತ್ತಿದ್ದ ನನಗೇನು ಧಾಡಿಯಾಗಿತ್ತು?

ಮಾರ್ಚ್ 10, ಮಧ್ಯಾಹ್ನ

ಕಡ್ಡಿ ಮುರಿಯಿತು. ಮೂರು ತಿಂಗಳು ತಡೆಯಬೇಕಿದ್ದದ್ದು ಹತ್ತೊಂಬತ್ತೇ ದಿನಕ್ಕೆ. ಮೈಕ್ರೋಸ್ಕೋಪಿನಲ್ಲಿ ನೋಡಿದೆ — ಉಕ್ಕಿನ ಕಣಗಳ ಗಡಿಯುದ್ದಕ್ಕೂ ಸಣ್ಣ ಸಣ್ಣ ತೂತು, ಒಂದಕ್ಕೊಂದು ಸೇರಿ ಬಿರುಕು. ಪೈಪಿನೊಳಗೂ ಇದೇ ನಡೆಯುತ್ತಿದೆ, ಹೊರಗಿನಿಂದ ಏನೂ ಕಾಣದು. ಸಾಹೇಬರಿಗೆ ಹೇಳಿದೆ. ತಿಂಗಳ ಕೊನೆಗೆ ನೋಡೋಣ, ಸಹಿ ನಿಮ್ಮದೇ ಅಲ್ಲವೇ ಎಂದರು.

3 ಗಂಟೆ

ತಮ್ಮನಿಗೆ ಫೋನ್. ಅವನು ನಗಲಿಲ್ಲ.

"ಸಹಿ ತಪ್ಪಾಗಿದೆ ಅಂತ ನೀನೇ ಬರ್ಕೊಡಕ್ಕಾ. ಈಗ್ಲೇ ಬಾಯ್ಲರ್ ನಿಲ್ಲಿಸ್ತೀನಿ."

ಬರೆದೆ. ಹದಿನೆಂಟು ವರ್ಷದಲ್ಲಿ ಗಳಿಸಿದ ಹೆಸರು ನಾಲ್ಕು ಸಾಲಿನಲ್ಲಿ ಮಣ್ಣುಪಾಲು. ಕಳಿಸಿದೆ.

4.10

ಗೋಡೆಯಾಚೆಯ ಮೊರೆತ ಇಳಿಯುತ್ತಿದೆ. ನಿಲ್ಲಿಸಿದ. ಅಬ್ಬ, ಬದುಕಿದೆವು. ಮೆಟ್ಟಿಲ ಮೇಲೆ ಸಾಹೇಬರ ಬೂಟಿನ ಸದ್ದು. ಬರಲಿ. ಸಾಕ್ಷಿಯಿದೆ. ಮುರಿದ ಎರಡು ತುಂಡು ಮುಖಕ್ಕೆ ಹಿಡಿದರೆ ಬಾಯಿ ಮುಚ್ಚುತ್ತಾರೆ. ಇಲ್ಲೇ ಮೇಜಿನ ಮೇಲೆ ಇಟ್ಟಿದ್ದೆ... ಮೇಜು ಫಳಫಳ ಹೊಳೆಯುತ್ತಿದೆ. ನೀಟಪ್ಪನವರೇ, ಎಲ್ಲಿ —